ಫಾದರ್ ಕೊಟ್ಟ ಮೂರು ಫ್ತೂ

ಅಮೆರಿಕದ ಅರೋರಾದಲ್ಲಿ ನಮ್ಮ ಬೀದಿಯ ಗ್ರೀಕ್ ಚರ್ಚಿನ ಬೇಸ್‌ಮೆಂಟಿನಲ್ಲಿ ಫಾದರ್ ಶನಿವಾರ ಮಕ್ಕಳಿಗೆ ಗಣಿತ ಕಲಿಸುತ್ತಿದ್ದರು. "ಹಿಂದೆ ತುರ್ಕರ ಆಳ್ವಿಕೆಯಲ್ಲಿ ನಮ್ಮ ಗ್ರೀಕರಿಗೆ ಪಾದ್ರಿಗಳೇ ಮೇಷ್ಟ್ರು," ಎನ್ನುತ್ತ ಗಡ್ಡದ ಸೀಮೆಸುಣ್ಣ ಕೊಡವಿಕೊಳ್ಳುತ್ತಿದ್ದರು. ಯಾರು ಎಡವಿದರೂ ಅವರದು ಒಂದೇ ಮಾತು, "ಸಿಗಾ, ಸಿಗಾ." ಅಂದರೆ, ನಿಧಾನ.

ಗಣಿತವನ್ನೇ ಬಿಡುತ್ತೇನೆಂದು ಕೂತಿದ್ದ ನನ್ನ ಮಗಳು ಒಮ್ಮೆ ಪ್ರಮೇಯವೊಂದನ್ನು ತಾನೇ ಸಾಧಿಸಿ ತೋರಿಸಿದಳು. ಫಾದರ್ ಹಾಳೆ ನೋಡಿ, ಅವಳತ್ತ ತಿರುಗಿ "ಫ್ತೂ, ಫ್ತೂ, ಫ್ತೂ!" ಎಂದು ಉಗಿದಂತೆ ಮಾಡಿದರು.

ಅವಳ ಕಣ್ಣು ತುಂಬಿತು. "ಅಮ್ಮಾ, ಇಟ್ಸ್ ಆಲ್ ರಾಂಗ್. ಐ ಕ್ವಿಟ್!"

ಚರ್ಚಿನ ಬಾಗಿಲಲ್ಲಿ ಅವರು ಮುದ್ದಾದ ಕೂಸುಗಳಿಗೂ ಹಾಗೆ ಮಾಡುವುದನ್ನು ನಾನು ಕಂಡಿದ್ದೆ.

"ಅಯ್ಯೋ ಪೆದ್ದೀ, ನಿಮ್ಮಜ್ಜಿ ಉಪ್ಪು ನಿವಾಳಿಸಲ್ವೇನೇ? ಇದೂ ದೃಷ್ಟಿ ತೆಗೆಯೋದೇ."

ಅವಳು ಮೂಗೊರೆಸಿಕೊಂಡು ನಕ್ಕಳು. ಆಮೇಲೆ ಆ ಮೂರು ಫ್ತೂ ಸಿಗುವ ತನಕ ಯಾವ ಲೆಕ್ಕವನ್ನೂ ಕೈಬಿಡಲಿಲ್ಲ.