ರೋಸ್ವಿಟಾಳ ಇಂಗ್ಲಿಷ್ ಭೂಗೋಳ

ರೋಸ್ವಿಟಾ ಡ್ರೆವ್ಸ್ ಕುಳಿತು ಕಾಫಿ ಕುಡಿದದ್ದನ್ನು ನಾನು ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲ. ನಾನು ಈ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವವಳು. ನನ್ನ ಕಿಟಕಿಯ ಮುಂದೆ ಹಾಯದೆ ಇಲ್ಲಿ ಯಾರೂ ತರಗತಿ ಮುಟ್ಟುವಂತಿಲ್ಲ. ಅವಳು ಬೆಳಿಗ್ಗೆ ಏಳಕ್ಕೇ ಬಂದು, ಲೋಟ ಹಿಡಿದು, ತುಟಿಯಲ್ಲೇ ಗೊಣಗಿಕೊಳ್ಳುತ್ತಾ ಕಾರಿಡಾರಿನ ಉದ್ದಕ್ಕೂ ಆಚೆ ಈಚೆ ತಿರುಗುತ್ತಿದ್ದಳು. ಗೊಣಗುತ್ತಿದ್ದದ್ದು ಅಂದಿನ ಭೂಗೋಳದ ಪಾಠ, ಇಂಗ್ಲಿಷಿನಲ್ಲಿ. ಒಂದು ಕಡೆ ಕೂತುಕೊಳ್ಳೇ, ನೋಡಿ ನೋಡಿ ನನ್ನ ತಲೆ ಸುತ್ತುತ್ತದೆ ಎಂದು ಬೈದರೆ, ಕೂತರೆ ಎಲ್ಲಾ ಮರೆತುಹೋಗುತ್ತದೆ ಅನ್ನುತ್ತಿದ್ದಳು.

ಅವಳು ಓದಿದ್ದು ರಷ್ಯನ್ ಮತ್ತು ಭೂಗೋಳ. ಪೂರ್ವ ಪಶ್ಚಿಮ ಜರ್ಮನಿಗಳ ನಡುವಿನ ಗೋಡೆ ಬಿದ್ದ ಮೇಲೆ ನಮ್ಮ ಪೂರ್ವದ ಕಡೆ ರಷ್ಯನ್ನನ್ನು ಮೂಸಿ ನೋಡುವವರೂ ಇಲ್ಲವಾದರು. ಆಗ ಕಂಕುಳಲ್ಲಿ ಕೂಸಿದ್ದ ಇವಳು, ಮೂರು ವರ್ಷ ಶನಿವಾರ ಶನಿವಾರ ರೈಲು ಹಿಡಿದು ರೋಸ್ಟಾಕಿಗೆ ಹೋಗಿ ಇಂಗ್ಲಿಷ್ ಕಲಿತು, ಹೇಗೋ ಕೆಲಸ ಉಳಿಸಿಕೊಂಡಳು. ಇಂಗ್ಲೆಂಡನ್ನು ನೋಡಿದ್ದು ಒಂದೇ ಸಲ, ನಾಲ್ಕು ದಿನ, ಅದೂ ಮಕ್ಕಳ ಪ್ರವಾಸದಲ್ಲಿ, ಅವರ ತಲೆ ಎಣಿಸುತ್ತಾ.

ಮುಂದೆ ನಮ್ಮ ಶಾಲೆಯಲ್ಲಿ ಎರಡು ಭಾಷೆಯ ತರಗತಿ ಶುರುವಾಯಿತು. ಏಳನೆಯ ತರಗತಿಯಿಂದ ಭೂಗೋಳ ಇಂಗ್ಲಿಷಿನಲ್ಲಿ. ತಡವರಿಸಿದಾಗ ಮಕ್ಕಳು ಜರ್ಮನ್ನಿನಲ್ಲಿ ಹೇಳಬಹುದು ಎಂಬುದು ನಿಯಮ. ರೋಸ್ವಿಟಾಳ ಕೋಣೆಯಲ್ಲಿ ಮಾತ್ರ ಜರ್ಮನ್ನಿನ ಸೊಲ್ಲೆತ್ತುವಂತಿರಲಿಲ್ಲ. ಊರಿನ ತಂದೆತಾಯಿಯರಿಗೆ ಅದೇ ಹೆಮ್ಮೆ. ಹೊಸ ಮಕ್ಕಳನ್ನು ಸೆಳೆಯಲು ಶಾಲೆಯ ಬಾಗಿಲು ತೆರೆದಿಡುವ ದಿನ ಹೆಡ್‌ಮಾಸ್ಟರ್ ಪಾಗೆಲ್ ಬಂದವರನ್ನು ಮೊದಲು ಅವಳ ಕೋಣೆಗೇ ಕರೆದೊಯ್ಯುತ್ತಿದ್ದರು. ಅವಳ ಬಿಗಿಯನ್ನು ನಾನೂ ಹೊಗಳಿದವಳೇ.

ಕಳೆದ ಜೂನಿನಲ್ಲಿ ಒಂಬತ್ತನೆಯ ತರಗತಿಯ ಫೆನ್ಯಾ ಕಾಬೆಲಿಟ್ಸಳ ಸಂಗತಿ ಬಂತು. ನಮ್ಮಲ್ಲಿ ಒಂದು ಅಂದರೆ ಎಲ್ಲಕ್ಕಿಂತ ಮೇಲು, ಐದು ಅಂದರೆ ನಪಾಸು. ಎರಡು ವಿಷಯದಲ್ಲಿ ಐದು ಬಂದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ. ಫೆನ್ಯಾಳಿಗೆ ಗಣಿತದಲ್ಲಿ ಆಗಲೇ ಐದು ಬಿದ್ದಿತ್ತು. ಭೂಗೋಳದ ಕೊನೆಯ ಪರೀಕ್ಷೆಯಲ್ಲಿ, ಬಾಲ್ಟಿಕ್ ಸಮುದ್ರದ ದಂಡೆ ಕೊರೆದುಹೋಗುವುದನ್ನು ಹೇಗೆ ತಡೆಯುತ್ತಾರೆ ಎಂಬ ಪ್ರಶ್ನೆಗೆ ಅವಳು ಮೂರು ಪುಟ ಬರೆದಿದ್ದಳು, ಅಷ್ಟೂ ಜರ್ಮನ್ನಿನಲ್ಲಿ. ರೋಸ್ವಿಟಾ ಐದು ಹಾಕಿದಳು.

ಹಾಕಿದ ಮೇಲೆ ಅವಳ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ಬೀಗದ ಕೈ ಮರೆತಳು, ಬೇರೆ ತರಗತಿಗೆ ನುಗ್ಗಿದಳು, ಒಂದೇ ಗಂಟೆಯಲ್ಲಿ ಮೂರು ಸಲ ನನ್ನ ಕಿಟಕಿಯ ತನಕ ಬಂದು ತಿರುಗಿ ಹೋದಳು. ನಾಲ್ಕನೆಯ ಸಲ ಆ ಉತ್ತರ ಪತ್ರಿಕೆಯನ್ನೇ ನನ್ನ ಕೈಗೆ ತುರುಕಿದಳು. ಸಮುದ್ರದೊಳಗೆ ಸಾಲಾಗಿ ಮರದ ಕಂಬ ನೆಟ್ಟರೆ ಅಲ್ಲಿ ಮರಳು ನಿಲ್ಲುತ್ತದೆ, ಸಾಲು ಮುಗಿದಲ್ಲಿಂದ ಆಚೆ ಮಾತ್ರ ದಂಡೆ ಇನ್ನೂ ಬೇಗ ಸವೆಯುತ್ತದೆ ಎಂದು ಹುಡುಗಿ ನನ್ನಂಥವಳಿಗೂ ತಿಳಿಯುವ ಹಾಗೆ ಬರೆದಿದ್ದಳು. ಕೊನೆಯಲ್ಲಿ ಹೀಗಿತ್ತು: "ಇದು ಯಾಕೆ ಹೀಗೆ ಅಂತ ಕ್ಲಾಸಿನಲ್ಲಿ ಕೇಳಿದೆ. ಪುಸ್ತಕ ನೋಡು ಅಂದಿರಿ. ಪುಸ್ತಕದಲ್ಲಿ ಇಲ್ಲ. ಕಂಬ ನೆಡುತ್ತಿದ್ದ ನನ್ನ ತಾತ ಹೇಳಿಕೊಟ್ಟರು."

"ಎಲ್ಲಾ ಸರಿಯಾಗೇ ಬರ್ದಿದಾಳಲ್ಲೇ" ಅಂದೆ.

"ಸರಿಯಾಗಿದೆ. ಅದಕ್ಕೇ ನಂಗೆ ನಿದ್ದೆ ಇಲ್ಲ" ಎಂದು ಕಾಗದ ಕಿತ್ತುಕೊಂಡು ಹೋದಳು.

ವರ್ಷದ ಕೊನೆಗೆ ಟೀಚರುಗಳೆಲ್ಲ ಸಂಗೀತದ ಕೋಣೆಯಲ್ಲಿ ಸಭೆ ಸೇರುತ್ತಾರೆ. ಹೆಡ್‌ಮಾಸ್ಟರ್ ಒಂದೊಂದೇ ಹೆಸರು, ಅಂಕ ಓದುತ್ತಾರೆ. ಯಾರೂ ಬಾಯಿ ಬಿಡದಿದ್ದರೆ ಅದೇ ಖಾಯಂ. ನಡೆದದ್ದನ್ನು ಬರೆದುಕೊಳ್ಳುವವಳು ನಾನು. ಫೆನ್ಯಾಳ ಹೆಸರು ಬಂತು, ಎರಡು ಐದು ಬಂದವು, ಪಾಗೆಲ್ ಹಾಳೆ ಮಗುಚಿದರು. ಆಗ ರೋಸ್ವಿಟಾ, ಭೂಗೋಳವನ್ನು ಮೂರು ಮಾಡಿ ಅಂದಳು.

"ಕಾರಣ ಬರೀಬೇಕಾಗತ್ತೆ ಮೇಡಂ" ಅಂದರು ಪಾಗೆಲ್. "ಇಲಾಖೆಗೆ ಹೋಗೋ ಕಾಗದ ಇದು."

"ಹುಡುಗಿ ಕೇಳಿದ್ದನ್ನ ಇಂಗ್ಲಿಷಲ್ಲಿ ಹೇಳೋಕೆ ನಂಗೆ ಬರ್ಲಿಲ್ಲ. ಜರ್ಮನಲ್ಲಿ ಮಾತಾಡೋಕೆ ಬಿಟ್ರೆ ಮಕ್ಳು ಆಳವಾಗಿ ಕೇಳ್ತಾರೆ, ಇಂಗ್ಲಿಷಲ್ಲಿ ಉತ್ರ ಕೊಡೋಕಾಗ್ದೆ ನಾನು ಸಿಕ್ಕಿಬೀಳ್ತೀನಿ. ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಚಿಸ್ದೆ. ನಂಗೆ ಬರ್ದೇ ಇದ್ದಿದ್ದಕ್ಕೆ ಅವಳಿಗೆ ಐದು ಹಾಕ್ದೆ."

ಯಾರೂ ಅವಳ ಮುಖ ನೋಡಲಿಲ್ಲ. ಪಾಗೆಲ್ ಮೂರು ಎಂದು ತಿದ್ದಿ, ಲಗುಬಗೆಯಿಂದ ಮುಂದಿನ ಹೆಸರು ಓದಿದರು. ಫೆನ್ಯಾ ಪಾರಾದಳು. ನಾನು ಆಫೀಸಿಗೆ ಬಂದು ಟೈಪು ಮಾಡುವಾಗ, ಉತ್ತರ ಪತ್ರಿಕೆಯ ಮರುಪರಿಶೀಲನೆಯ ಮೇರೆಗೆ ಅಂಕ ಬದಲಾಯಿಸಲಾಗಿದೆ ಎಂದಷ್ಟೇ ಹಾಕಿದೆ. ಗೆಳತಿಗೆ ಅಷ್ಟೂ ಮಾಡದಿದ್ದರೆ ಹೇಗೆ?

ಮರುದಿನ ಸಹಿ ಹಾಕಲು ಬಂದ ರೋಸ್ವಿಟಾ ಅದನ್ನು ಓದಿ ಪೆನ್ನು ಕೆಳಗಿಟ್ಟಳು. ಇದು ತಾನು ಹೇಳಿದ್ದಲ್ಲ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಿನಗೇನು ಬುದ್ಧಿ ಕೆಟ್ಟಿದೆಯೇ, ನೀನು ಹೇಳಿದ್ದನ್ನು ಹಾಕಿದರೆ ಇಲಾಖೆಯವರು ಆ ತರಗತಿಯನ್ನು ಇಂಗ್ಲೆಂಡಿನಲ್ಲಿ ಓದಿ ಬಂದು ನಮ್ಮಲ್ಲಿ ಸೇರಿರುವ ಹೊಸ ಟೀಚರ್ ಹುಡುಗನಿಗೆ ಕೊಡಿಸುತ್ತಾರೆ, ಹುಡುಗಿ ಪಾಸಾದಳಲ್ಲ, ಇನ್ನೇನು ಬೇಕು ಎಂದು ಕೂಗಾಡಿದೆ.

"ಪಾಸಾಗಿದ್ದು ಒಬ್ಳು, ಹೆಲ್ಮಾ. ಆಗಸ್ಟಲ್ಲಿ ಹೊಸ ವರ್ಷ ಶುರುವಾದ್ರೆ ಇನ್ನೂ ಇಪ್ಪತ್ತೇಳು ಮಕ್ಳು ಬರ್ತಾರೆ. ಅವರ್ನೂ ನಾನು ಕೇಳೋಕೆ ಬಿಡಲ್ಲ. ನನ್ನ ನಂಗೆ ಗೊತ್ತು."

ಅವಳು ಹೇಳಿದ ಹಾಗೇ, ಒಂದಕ್ಷರ ಬಿಡದೆ ಟೈಪು ಮಾಡಿಕೊಟ್ಟೆ. ಸಹಿ ಹಾಕಿದಳು. ಮೂರೇ ವಾರಕ್ಕೆ ಇಲಾಖೆಯ ಉತ್ತರ ಬಂತು. ಆಗಸ್ಟಿನ ವೇಳಾಪಟ್ಟಿಯಲ್ಲಿ ಅವಳ ಹೆಸರು ತೆಗೆದು ಆ ಹುಡುಗನ ಹೆಸರು ಹಾಕಿದ್ದೂ ನಾನೇ. ಕಣ್ಣು ತುಂಬಿಕೊಂಡು, ಎರಡು ಸಲ ತಪ್ಪು ಸಾಲಿನಲ್ಲಿ ಹಾಕಿದೆ.