ಎರಡನೆಯ ದನಿಯ ಒಪ್ಪಿಗೆ

ಹಳದೀಪುರದ ಬೀರ ಗೌಡರ ಮಗಳು ಪವಿತ್ರಾ ಪಿಎಚ್‌.ಡಿ.ಗೆ ಸೇರಿ ಎರಡನೆಯ ವರ್ಷ ನಡೆದಿತ್ತು. ತನ್ನ ಹಾಲಕ್ಕಿ ಜನರ ಹಾಡುಗಳೇ ಅವಳ ವಿಷಯ. ಫೆಲೋಶಿಪ್ಪಿನ ಪರೀಕ್ಷೆ ಕೈಹಿಡಿಯಲಿಲ್ಲ. ಕುಮಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತ, ಬಿಡುವಾದಾಗ ಹಾಡು ಹುಡುಕಿಕೊಂಡು ಹಳ್ಳಿ ತಿರುಗುತ್ತಿದ್ದಳು.

"ಫೆಲೋಶಿಪ್ ಅಂದ್ರೆ ನಿನ್ನ ಹೊಟ್ಟೆಪಾಡಿಗೆ, ಗ್ರ್ಯಾಂಟ್ ಅಂದ್ರೆ ಕೆಲಸದ ಖರ್ಚಿಗೆ" ಎಂದರು ಅವಳ ಮಾರ್ಗದರ್ಶಕ ಕೃಷ್ಣಾನಂದ ಸರ್. "ಒಂದು ತಪ್ಪಿತು ಅಂತ ಇನ್ನೊಂದನ್ನೂ ಯಾಕೆ ಬಿಡ್ತಿ? ಆದ್ರೆ ಕೊಡುವವರಿಗೆ ಎಂತ ಬೇಕು ಅಂತ ಮೊದಲು ಸರಿಯಾಗಿ ಓದು."

ಓದಿದಳು. ಮರೆಯಾಗುತ್ತಿರುವ ಹಾಡುಗಳ ದಾಖಲೆಗೆ ಖಾಸಗಿ ಪ್ರತಿಷ್ಠಾನವೊಂದು ನೆರವು ಕೊಡುತ್ತಿತ್ತು. ಮಾದರಿಗೆ ಒಂದು ಧ್ವನಿಮುದ್ರಣ ಕಳಿಸಬೇಕು. ಅದರಲ್ಲಿ ಹಾಡಿದ ಪ್ರತಿಯೊಬ್ಬರ ಒಪ್ಪಿಗೆಯೂ ಇರಬೇಕು.

ಕತಗಾಲ ಎಂಬ ಊರಿನಿಂದ ಒಳಗಿನ ಕೇರಿಯಲ್ಲಿ ಬಂಗಾರಿ ಎಂಬ ಮುದುಕಿಯಿದ್ದಳು. ನಾಟಿಯ ಹಾಡೊಂದು ಅವಳೊಬ್ಬಳಿಗೇ ಗೊತ್ತು. ಒಬ್ಬಳು ಎತ್ತಿಕೊಡುವ ಸಾಲನ್ನು ಇನ್ನೊಬ್ಬಳು ಹಿಡಿದು ಮುಗಿಸಬೇಕಾದ ಜೋಡಿ ಹಾಡು. ಜೊತೆಗಾತಿ ಹೊನ್ನಿ ತೀರಿಕೊಂಡಿದ್ದಳು. ಪವಿತ್ರಾ ಅದನ್ನು ಮುದ್ರಿಸಿಕೊಳ್ಳಲು ಹೋದ ಸುಡುವ ಮಧ್ಯಾಹ್ನ, ಜಗುಲಿಯಲ್ಲಿ ಕುಳಿತು ಬಂಗಾರಿ ತನ್ನ ಸಾಲಷ್ಟೇ ಹಾಡಿ, ಹೊನ್ನಿಯ ಸಾಲಿನ ಹೊತ್ತಿಗೆ ಸುಮ್ಮನಾಗುತ್ತಿದ್ದಳು. ಆ ಬಿಡುವಿನಲ್ಲಿ ಪವಿತ್ರಾಳಿಗೆ ಕಾಗೆಯ ಕೂಗು ಕೂಡ ಕೇಳಿಸಲಿಲ್ಲ.

ಮುದ್ರಣವನ್ನು ಮೊದಲು ಕೇಳಿದವರು ಸರ್. ಹೆಡ್‌ಫೋನ್ ತೆಗೆದು, "ಚಲೋ ಇದ್ದು. ಆ ಎರಡನೆಯವರು ಯಾರು? ಅವರ ಒಪ್ಪಿಗೆ ಎಲ್ಲಿ?" ಎಂದರು.

"ಎರಡನೆಯವರು ಯಾರೂ ಇರಲಿಲ್ಲ, ಸರ್."

ಅವರು ಹೆಡ್‌ಫೋನನ್ನು ಅವಳ ಕೈಗಿತ್ತರು. ಬಂಗಾರಿ ಸುಮ್ಮನಾದಲ್ಲೆಲ್ಲ ಒಡಕು ದನಿಯ ಹೆಂಗಸೊಬ್ಬಳು ಸಾಲು ಮುಗಿಸುತ್ತಿದ್ದಳು. ಕೊನೆಕೊನೆಗೆ ಅವಳ ಉಸಿರು ಸೋಲುತ್ತಿತ್ತು.

ಮಾರನೆಯ ದಿನವೇ ಅವಳು ಬಂಗಾರಿಯ ಮನೆಗೆ ಹೋಗಿ ಅದನ್ನು ಕೇಳಿಸಿದಳು. ಮುದುಕಿ ಬೆಚ್ಚಲಿಲ್ಲ.

"ಹೊನ್ನಿಯೇ. ದಮ್ಮಿನ ಕಾಯಿಲೆ ಇತ್ತಲೆ ಅವಳಿಗೆ, ಹಾಂಗೇ ಎಳೀತದೆ."

"ಅಜ್ಜೀ, ಇದನ್ನ ಕಳಿಸಬೇಕಂದ್ರೆ ಅವರ ಒಪ್ಪಿಗೆಯೂ ಬೇಕು."

"ನನ್ನ ಎಂತ ಕೇಳ್ತೆ ಮಗಾ? ಅವಳನ್ನೇ ಕೇಳು. ನಾ ಎತ್ತಿಕೊಡ್ತೆ."

ಬಂಗಾರಿ ಒಂದು ಸಾಲು ಹಾಡಿ ನಿಲ್ಲಿಸಿದಳು. ಪವಿತ್ರಾ ಕೇಳಿಯೇಬಿಟ್ಟಳು: "ಹೊನ್ನಜ್ಜೀ, ನಿಮ್ಮ ಹಾಡು ಹೊರಗಿನವರಿಗೆ ಕೊಡಲಾ?"

ಗಾಳಿ ನಿಂತಿತು. ಅವಳ ಕಿವಿಯ ಪಕ್ಕದಲ್ಲೇ ಯಾರೋ ಹಾಡಲೆಂದು ದೀರ್ಘವಾಗಿ ಉಸಿರು ಎಳೆದುಕೊಂಡರು. ಆ ಉಸಿರು ಹೊರಗೆ ಬರಲೇ ಇಲ್ಲ.

"ಬ್ಯಾಡ ಅಂತು" ಎಂದಳು ಬಂಗಾರಿ.

ಪವಿತ್ರಾ ಅಲ್ಲಿಯೇ ಆ ಮುದ್ರಣವನ್ನು ಅಳಿಸಿದಳು. ಬದಲಿಗೆ ಬಂಗಾರಿ ಒಬ್ಬಳೇ ಹಾಡುವ ಜೋಗುಳವನ್ನು ಮಾದರಿಗೆ ಕಳಿಸಿದಳು. ಅರ್ಜಿಯನ್ನೂ ಹೊಸದಾಗಿ ಬರೆದಳು: ಜೊತೆಗಾತಿ ಬದುಕಿರುವಾಗಲೇ ಜೋಡಿ ಹಾಡುಗಳನ್ನು ದಾಖಲಿಸಬೇಕು, ಅದಕ್ಕೇ ಈ ನೆರವು ಬೇಕು. ಸಂದರ್ಶನದಲ್ಲಿ, ಇಷ್ಟು ಅವಸರವೇಕೆ ಎಂದು ಒಬ್ಬರು ಕೇಳಿದರು. "ಆಮೇಲೆ ಅವರನ್ನು ಕೇಳುವುದು ಕಷ್ಟ" ಎಂದಳು. ಯಾರೋ ನಕ್ಕರು. ಗ್ರ್ಯಾಂಟ್ ಸಿಕ್ಕಿತು.

ಈಗ ಅವಳು ಭಟ್ಕಳದ ಕಡೆಗೂ ಹೋಗುತ್ತಾಳೆ. ಎಲ್ಲೇ ಹೋದರೂ ಮುದ್ರಣವನ್ನು ಅಲ್ಲಿಯೇ ಪೂರ್ತಿ ಕೇಳಿ, ಪ್ರತಿ ದನಿಗೂ ಹಾಡಿದವರ ಮುಖ ನೋಡಿಯೇ ಎದ್ದು ಬರುತ್ತಾಳೆ.

ಮಳೆಗಾಲಕ್ಕೆ ಮುಂಚೆ ಬಂಗಾರಿಯೂ ತೀರಿಹೋದಳು. ಅವಳ ಗದ್ದೆಯಲ್ಲಿ ನಾಟಿಗೆ ಇಳಿದ ಹೆಂಗಸರು ಈ ಸಲ ಬಾಯಿ ಬಿಟ್ಟು ಹಾಡಲಿಲ್ಲವಂತೆ. ಬಗ್ಗಿ ಸಸಿ ನೆಡುತ್ತ, ಸುಮ್ಮನೆ ಎರಡು ದನಿಗಳನ್ನು ಕೇಳುತ್ತಿದ್ದರಂತೆ.