ಕಸಿ ಕಟ್ಟಿದ ಲಿನಕ್ಸ್

ಶ್ರೀನಿವಾಸಪುರದ ಮಾವಿನ ಮಂಡಿ ಎದುರಿಗೆ ಶಾಮಲಮ್ಮನ ಡಿಟಿಪಿ ಅಂಗಡಿ. ಪಕ್ಕದ್ದು ನನ್ನ ಹೊಲಿಗೆ ಅಂಗಡಿ. ನಡುವೆ ಇರುವುದು ಒಂದು ಹಲಗೆ ಗೋಡೆ, ಕೆಮ್ಮಿದರೂ ಕೇಳುತ್ತದೆ.

ಆಕೆಯ ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದವನು ಗಂಡ ಸುರೇಶ್. ಬೆಳಿಗ್ಗೆ ಅದು ಏಳುವಾಗ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಮೂಡುವಂತೆ ಮಾಡಿಟ್ಟಿದ್ದ: "ಶಾಮಲಾ, ಕಾಫಿ ಆಯ್ತಾ?" ಮರುವರ್ಷ ಬಸ್ಸು ಉರುಳಿ ಅವನು ಹೋದ. ಸಾಲು ಉಳಿಯಿತು. ಆಕೆ ದಿನಾ "ಆಯ್ತು" ಅಂದೇ ಕೆಲಸ ಶುರು ಮಾಡುತ್ತಿದ್ದಳು. ಮನೆಯಲ್ಲಿ ಹಾಗೆ ಕೇಳುವವರು ಬೇರೆ ಯಾರಿದ್ದರು?

2007ರ ಹೊತ್ತಿಗೆ ಗಿರಾಕಿಗಳು ತರುವ ಫೈಲುಗಳ ಹೊಸ ಬಗೆಯ ಕನ್ನಡ ಅಕ್ಷರಗಳು ಆ ಹಳೇ ಲಿನಕ್ಸಿನಲ್ಲಿ ಬರೀ ಚೌಕಗಳಾಗಿ ಕಾಣತೊಡಗಿದವು. ರಿಪೇರಿಗೆ ಬಂದವನು ಎಲ್ಲ ಅಳಿಸಿ ಹೊಸದು ಹಾಕೋಣ ಅಂದ. ಅವನಿಗೆ ಟೀ ಕೂಡ ಕೊಡದೆ ಕಳಿಸಿದಳು. ಗಿರಾಕಿಗಳೂ ಒಬ್ಬೊಬ್ಬರಾಗಿ ಜಾರಿಕೊಂಡರು. ಹಟಮಾರಿ ಅಂತ ನಾನೇ ಬೈದಿದ್ದೇನೆ.

ಕೊನೆಗೆ ಮುಳಬಾಗಿಲಿನಿಂದ ಭಾರ್ಗವ್ ಮೇಷ್ಟ್ರು ಬಂದರು, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಹಳೆಯದನ್ನು ಅಳಿಸದೆ ಅದರ ಮೇಲೆಯೇ ಇನ್ನೊಂದು ಲಿನಕ್ಸ್ ಕೂರಿಸಬಹುದು, ಹಳೆಯದು ಮೊದಲು ಎದ್ದು ಹೊಸದನ್ನು ಎಬ್ಬಿಸುತ್ತದೆ ಅಂದರು. ಯಲ್ದೂರಿನ ತೋಟದಲ್ಲಿ ಅಪ್ಪನ ಜೊತೆ ಮಾವಿನ ಕಸಿ ಕಟ್ಟಿ ಬೆಳೆದವಳಿಗೆ ಅದು ಥಟ್ಟನೆ ಅರ್ಥವಾಯಿತು. ಬೇರು ಹಳೇದು, ಕುಡಿ ಹೊಸದು. ಎಷ್ಟೋ ದಿನದ ಮೇಲೆ ನಕ್ಕಳು. ಸಾಲಿನ ವಿಷಯ ಮಾತ್ರ ನಾಚಿಕೆಯಿಂದ ಹೇಳಲಿಲ್ಲ.

ಎರಡೂ ಒಟ್ಟಿಗೆ ಕೆಲಸಕ್ಕಿಳಿದು ಕಂಪ್ಯೂಟರ್ ಏದುಸಿರು ಬಿಟ್ಟಿತು. ಹಳೆಯದು ಏಳುವಾಗ ತಾನಾಗಿ ಮಾಡುವುದರಲ್ಲಿ ಏನೇನು ಉಳಿಸಲಿ ಎಂದು ಮೇಷ್ಟ್ರು ಕೇಳಿದರು. ಆಕೆ ಹಿಂದೆ ಮುಂದೆ ಯೋಚಿಸದೆ ತೋಟದ ಮಾತೇ ಆಡಿಬಿಟ್ಟಳು.

"ಕಸಿ ಹತ್ತಿದ್ಮೇಲೆ ಕೆಳಗಿನ ಚಿಗುರೆಲ್ಲಾ ಚಿವುಟಿಬಿಡ್ಬೇಕು ಸಾರ್. ಇಲ್ಲಾಂದ್ರೆ ಮೇಲಿನ ಕುಡಿ ಸೊರಗುತ್ತೆ."

ಮೇಷ್ಟ್ರು ಚಿವುಟಿದರು.

ಮರುದಿನ ಕಂಪ್ಯೂಟರ್ ಎದ್ದ ಸದ್ದು ಕೇಳಿಸಿತು, "ಆಯ್ತು" ಕೇಳಿಸಲಿಲ್ಲ. ಹೋಗಿ ನೋಡಿದರೆ ಪರದೆಯಲ್ಲಿ ಕನ್ನಡ ಮುದ್ದಾಗಿ ಕೂತಿತ್ತು, ಆಕೆ ಅಳುತ್ತಿದ್ದಳು. ಏಳುವಾಗ ಬರುತ್ತಿದ್ದ ಸಾಲೂ ಚಿವುಟಿಹೋಗಿದೆ ಎಂದು ನಾನೇ ಮೇಷ್ಟ್ರಿಗೆ ಫೋನ್ ಮಾಡಿದೆ. ಪಾಪ, ಮಧ್ಯಾಹ್ನದ ಬಸ್ಸಿಗೇ ಬಂದು, ಆ ಸಾಲು ಏನೆಂದು ಹೇಳಿದರೆ ಈಗಲೇ ಬರೆದುಕೊಡುತ್ತೇನೆ ಅಂದರು.

"ಬೇಡ ಸಾರ್," ಅಂದಳು ಶಾಮಲಮ್ಮ. "ನಮ್ಮೆಜಮಾನ್ರು ಕೇಳ್ತಿದ್ರು. ಈಗ ಬರೆಸಿದ್ರೆ ನನ್ನನ್ನ ನಾನೇ ಕೇಳ್ಕೊಂಡಂಗಾಗುತ್ತೆ."

ಅಂಗಡಿಗೆ ಗಿರಾಕಿಗಳು ಮರಳಿದ್ದಾರೆ. ಕಾಫಿ ಆಯ್ತಾ ಎಂದು ಗೋಡೆಯಾಚೆಯಿಂದ ನಾನಾದರೂ ಕೇಳಬಹುದು. ದಿನಾ ಬಾಯಿಗೆ ಬರುತ್ತದೆ. ಆಮೇಲೆ ಕೇಳದೆಯೇ ಹೊಲಿಗೆ ಮಿಷನ್ ತುಳಿಯುತ್ತೇನೆ.